ವಾಂತಿ ನಿಂತಿತು, ಕತ್ತು ತಿರುಚಿಕೊಂಡಿತು

ವಾಂತಿ ನಿಲ್ಲಲೆಂದು ಮಗುವಿಗೆ ಔಷಧಿ ಹಾಕಿದ್ದೀರಿ, ವಾಂತಿ ನಿಂತೂ ಇದೆ. ಸಂಜೆ ಹೊತ್ತಿಗೆ ಕತ್ತು ಒಂದು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ನಾಲಿಗೆ ಹೊರಚಾಚುತ್ತದೆ. ಮನೆಯವರಿಗೆ ಮೊದಲು ನೆನಪಾಗುವುದು ಫಿಟ್ಸ್. ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಹೊರಡುವವರೂ ಇದ್ದಾರೆ.

ಇದು ಮೆಟೊಕ್ಲೊಪ್ರಮೈಡ್ ಎಂಬ ಔಷಧಿಯ ಅಡ್ಡಪರಿಣಾಮ ಇರಬಹುದು. ವೈದ್ಯರು ಡಿಸ್ಟೋನಿಯಾ ಎನ್ನುತ್ತಾರೆ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಡೆದು ಈ ಔಷಧಿ ವಾಂತಿ ನಿಲ್ಲಿಸುತ್ತದೆ. ಆದರೆ ಸ್ನಾಯುಗಳ ಬಿಗಿತ, ಸಡಿಲಿಕೆಗಳನ್ನು ಹದದಲ್ಲಿಡುವುದಕ್ಕೂ ಅದೇ ಡೋಪಮಿನ್ ಬೇಕು. ಅಲ್ಲಿಯೂ ತಡೆ ಬಿದ್ದರೆ ಸ್ನಾಯುಗಳು ತಮ್ಮಷ್ಟಕ್ಕೆ ಸೆಟೆದುಕೊಳ್ಳುತ್ತವೆ. ಸಾಮಾನ್ಯವಾಗಿ ಮೊದಲ ಒಂದೆರಡು ದಿನಗಳಲ್ಲೇ, ಕೆಲವೊಮ್ಮೆ ಮೊದಲ ಡೋಸಿಗೇ ಹೀಗಾಗುತ್ತದೆ. ಪ್ರಮಾಣ ಸರಿಯಿದ್ದರೂ ಆಗಬಹುದು. ಹಾಗಾಗಿ ಔಷಧಿ ಕೊಟ್ಟವರನ್ನೋ, ನಿಮ್ಮನ್ನೋ ದೂರುತ್ತ ಕೂರಬೇಡಿ.

ದೊಡ್ಡ ಫಿಟ್ಸ್ ಬಂದ ಮಗುವಿಗೆ ಎಚ್ಚರ ತಪ್ಪುತ್ತದೆ. ಇಲ್ಲಿ ಹಾಗಲ್ಲ: ಮಗುವಿಗೆ ಪೂರ್ತಿ ಎಚ್ಚರವಿರುತ್ತದೆ, ಕರೆದರೆ ಗೊತ್ತಾಗುತ್ತದೆ, ನೋವಿಗೆ, ಹೆದರಿಕೆಗೆ ಅಳುತ್ತದೆ. ಆದರೂ ಯಾವುದೆಂದು ತೀರ್ಮಾನಿಸುವ ಹೊಣೆ ನಿಮ್ಮದಲ್ಲ. ಮುಂದಿನ ಡೋಸ್ ಕೊಡದೆ, ಔಷಧಿಯ ಬಾಟಲಿ ಅಥವಾ ಸ್ಟ್ರಿಪ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ. ಆ ಸ್ಟ್ರಿಪ್ ನೋಡಿದರೆ ಎಷ್ಟೋ ಅನಗತ್ಯ ಸ್ಕ್ಯಾನ್ ತಪ್ಪುತ್ತದೆ. ಉಸಿರಾಡುವಾಗ ಗೊರಗೊರ ಸದ್ದು ಬಂದರೆ ಒಂದು ನಿಮಿಷವೂ ತಡ ಮಾಡಬೇಡಿ.

ಮಗುವಿನ ವಯಸ್ಸು, ತೂಕ ನೋಡಿ ಕೊಡುವ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕತ್ತು ಸಡಿಲವಾಗುತ್ತದೆ. ಅದರ ಪ್ರಭಾವ ಇಳಿದ ಮೇಲೆ ಬಿಗಿತ ಮರಳಬಹುದು. ಒಂದೆರಡು ದಿನಕ್ಕೆ ಮಾತ್ರೆ ಬರೆದುಕೊಟ್ಟರೆ ತಪ್ಪಿಸಬೇಡಿ.

ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಒಂದು ವರ್ಷದೊಳಗಿನ ಮಕ್ಕಳಿಗೆ ಮೆಟೊಕ್ಲೊಪ್ರಮೈಡ್ ಬೇಡವೆಂದಿತು. ದೊಡ್ಡ ಮಕ್ಕಳಿಗೂ ಬೇರೆ ಔಷಧಿ ಫಲಿಸದಿದ್ದರೆ ಮಾತ್ರ, ಅದೂ 5 ದಿನ ಮೀರದಂತೆ ಎಂದಿತು. ನನ್ನ ಕೇಳಿದರೆ, ವಾಂತಿಭೇದಿಯಾದ ಬಹುತೇಕ ಮಕ್ಕಳಿಗೆ ಬೇಕಾಗಿರುವುದು ಚಮಚ ಚಮಚವಾಗಿ ಓಆರ್‌ಎಸ್ ಕುಡಿಸುವ ತಾಳ್ಮೆ. ವಾಂತಿ ಔಷಧಿ ಬೇಕೇಬೇಕಾದರೆ, ಡೋಪಮಿನ್ ತಡೆಯದ ಆಂಡಾನ್ಸೆಟ್ರಾನ್ ಇದೆ. ಅದನ್ನೂ ವೈದ್ಯರೇ ಹೇಳಬೇಕು, ಮೆಡಿಕಲ್ ಶಾಪಿನವರಲ್ಲ.

ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಔಷಧಿಗಳಿಂದಲೂ ಹೀಗಾಗುವುದುಂಟು. ದಿನಾ ನುಂಗುವ ಆ ಮಾತ್ರೆಗಳನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅಂದೇ ವೈದ್ಯರನ್ನು ಕಾಣಿ. ಯಾವ ಔಷಧಿಗೆ ಹೀಗಾಯಿತೋ ಅದರ ಹೆಸರನ್ನು ಮಗುವಿನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಸಿ. ಬ್ರ್ಯಾಂಡಿನ ಹೆಸರಲ್ಲ, ಒಳಗಿನ ಔಷಧಿಯ ಹೆಸರು.