ಬಿಕ್ಕಳಿಕೆ ಬಂದರೆ ಗಾಬರಿ ಬೇಡ

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುವುದು ನಮ್ಮ ಮನೆಗಳ ಮಾತು. ನಿಜವಾದ ಕಾರಣ ಇರುವುದು ಎದೆಗೂ ಹೊಟ್ಟೆಗೂ ನಡುವಿನ ವಪೆ ಎಂಬ ಸ್ನಾಯುವಿನಲ್ಲಿ. ಅದು ತಟ್ಟನೆ ಸೆಳೆದುಕೊಂಡಾಗ ಗಾಳಿ ಒಳನುಗ್ಗುತ್ತದೆ. ಮರುಕ್ಷಣವೇ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಂಡು ‘ಹಿಕ್’ ಎನ್ನುವ ಸದ್ದು ಹೊರಡುತ್ತದೆ.

ಗಬಗಬನೆ ತಿನ್ನುವುದು, ಹೊಟ್ಟೆ ಬಿರಿಯುವಷ್ಟು ಉಣ್ಣುವುದು, ಅತಿ ಖಾರ, ಸೋಡಾ, ಮದ್ಯ ಇವೆಲ್ಲ ವಪೆಯನ್ನು ಕೆರಳಿಸುತ್ತವೆ. ಹಾಗಾಗಿ ನಿಧಾನವಾಗಿ ಅಗಿದು ಉಣ್ಣುವುದೇ ಮೊದಲ ಮದ್ದು.

ಬಿಕ್ಕಳಿಕೆ ಶುರುವಾದರೆ ದೀರ್ಘವಾಗಿ ಉಸಿರೆಳೆದು, ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಮೆಲ್ಲನೆ ಬಿಡಿ. ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಕುಳಿತು ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡರೂ ಕೆಲವರಿಗೆ ನಿಲ್ಲುತ್ತದೆ. ಒಂದು ಚಮಚ ಸಕ್ಕರೆ ನುಂಗುವುದೂ ಹಳೆಯ ಉಪಾಯವೇ. ಮಧುಮೇಹ ಇರುವವರಿಗೆ ಅದು ಬೇಡ. ಹಸುಗೂಸಿಗೆ ಬಂದರೆ ನೀರು ಕುಡಿಸಬೇಡಿ. ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಿ.

ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ 48 ಗಂಟೆ ದಾಟಿದರೆ, ಊಟ, ನಿದ್ದೆ ಕೆಡಿಸಿದರೆ ವೈದ್ಯರನ್ನು ಕಾಣಿ. ಜೊತೆಗೆ ಎದೆನೋವು, ಮಾತಿನ ತೊದಲು, ಕೈಕಾಲಿನ ಬಲಹೀನತೆ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ.