ಹಾಲಿಗಿಂತ ಮೊದಲು ನೀರು ನೋಡು

ಮಗಳೇ,

ಹಲ್ಲು ಹುಳುಕಾಗದಿರಲೆಂದು ಬಲ್ಗೇರಿಯಾ, ಚಿಲಿ, ಬ್ಯಾಂಕಾಕಿನಲ್ಲೆಲ್ಲ ಮಕ್ಕಳಿಗೆ ಫ್ಲೋರೈಡ್ ಬೆರೆಸಿದ ಹಾಲು ಕೊಟ್ಟಿದ್ದಾರಂತೆ, ನಮ್ಮ ಪಾಪುವಿಗೂ ಬೇಡವೇ ಎಂದು ಕೇಳಿದ್ದೀಯ. ಕೊಟ್ಟಿರುವುದು ನಿಜ. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲೂ 1993ರಲ್ಲಿ ಶುರು ಮಾಡಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸಾಲದ ಕಡೆ ಆ ಕೊರತೆ ತುಂಬಲು ಕಂಡುಕೊಂಡ ದಾರಿ ಅದು.

ನಮ್ಮಲ್ಲಿ ಎಲ್ಲೆಡೆ ಹಾಗಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದನ್ನು ದಾಟಿದ ನೀರನ್ನು ಎಳೆಯ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಹುಟ್ಟುವ ಹಲ್ಲಿಗೇ ಕಂದು ಕಲೆ. ಇನ್ನೂ ಹೆಚ್ಚಿದ್ದರೆ ಮುಂದೆ ಮೂಳೆಗೂ ಕೇಡು. ಕುದಿಸಿದರೆ ಅದು ಹೋಗುವುದಿಲ್ಲ. ಆದ್ದರಿಂದ ನಿಮ್ಮ ಮನೆಗೆ ಬರುವುದು ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ ತಿಳಿದುಕೋ. ಒಮ್ಮೆ ಪರೀಕ್ಷೆ ಮಾಡಿಸು.

ಹಾಗೆಂದು ಫ್ಲೋರೈಡನ್ನೇ ದೂರ ಇಡಬೇಡ. ಹಲ್ಲಿನ ಹೊರಗವಚ, ಎನಾಮೆಲ್, ನಮ್ಮ ಮೈಯಲ್ಲೇ ಅತಿ ಗಟ್ಟಿ. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಕಳೆದುಕೊಂಡರೆ ಮತ್ತೆ ಬೆಳೆಯದು. ಸಿಹಿ ತಿಂದಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಹುಟ್ಟಿಸುತ್ತವೆ, ಎನಾಮೆಲಿನ ಖನಿಜ ಕರಗುತ್ತದೆ. ಎಂಜಲು ಅದನ್ನು ಮೆಲ್ಲಗೆ ಮರಳಿ ತುಂಬುತ್ತದೆ. ಆಗ ಹಲ್ಲಿನ ಮೇಲೆ ತುಸು ಫ್ಲೋರೈಡ್ ಇದ್ದರೆ ತುಂಬಿದ ಭಾಗ ಮೊದಲಿಗಿಂತ ಚೆನ್ನಾಗಿ ಆಮ್ಲವನ್ನು ತಡೆಯುತ್ತದೆ. ಸುಣ್ಣದಂಥ ಬಿಳಿ ಮಚ್ಚೆಯ ಹಂತದಲ್ಲೇ ಎಚ್ಚೆತ್ತರೆ ಹಲ್ಲು ಉಳಿಯುತ್ತದೆ. ತೂತು ಬಿದ್ದ ಮೇಲೆ ದಂತವೈದ್ಯರೇ ಗತಿ.

ಅದಕ್ಕೆ ಫ್ಲೋರೈಡ್ ಇರುವ ಪೇಸ್ಟೇ ಸಾಕು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು. ದಿನಕ್ಕೆರಡು ಸಲ ನೀನೇ ಕೂತು ಉಜ್ಜು, ನುಂಗಲು ಬಿಡದೆ ಉಗುಳಿಸು.

ಹಾಲಿನ ವಿಷಯ. ಬರೀ ಹಾಲು ಹಲ್ಲಿನ ಶತ್ರುವಲ್ಲ, ಅದರ ಕ್ಯಾಲ್ಸಿಯಂ ಹಲ್ಲಿನ ಪರವೇ. ಕೆಡಿಸುವುದು ಅದಕ್ಕೆ ಬೆರೆಸುವ ಸಕ್ಕರೆ, ಸಿಹಿ ಪುಡಿ, ಮತ್ತು ಬಾಟಲಿ ಕಚ್ಚಿಕೊಂಡೇ ನಿದ್ದೆಗೆ ಜಾರುವ ಅಭ್ಯಾಸ. ನಿದ್ದೆಯಲ್ಲಿ ಎಂಜಲು ಸುರಿಯುವುದೇ ಕಡಿಮೆ. ತೊಳೆಯುವವರಿಲ್ಲದೆ ಮೇಲಿನ ಮುಂಬಲ್ಲುಗಳು ಮೊದಲು ಹಾಳಾಗುತ್ತವೆ. ಹಾಲು ಕುಡಿಸಿ ಹಲ್ಲುಜ್ಜಿಸು. ಆಮೇಲೆ ಬಾಯಾರಿದರೆ ನೀರು ಮಾತ್ರ.

ಇನ್ನೊಂದು ನೆನಪಿಡು. ಆರರ ಸುಮಾರಿಗೆ ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಒಂದು ದವಡೆಹಲ್ಲು ಬರುತ್ತದೆ. ಹೇಗೂ ಬೀಳುವ ಹಲ್ಲೆಂದು ಬಹಳ ಜನ ಅದನ್ನು ಕಡೆಗಣಿಸುತ್ತಾರೆ. ಅದು ಬೀಳುವುದಲ್ಲ, ಬದುಕಿಡೀ ಅಗಿಯಬೇಕಾದ ಹಲ್ಲು. ಬಂದ ಕೂಡಲೇ ದಂತವೈದ್ಯರಿಗೆ ತೋರಿಸು. ನೀರಿನ ವರದಿಯನ್ನೂ ಜೊತೆಗೆ ಒಯ್ಯು.