ತಪ್ಪಿದ್ದನ್ನೂ ಲೆಕ್ಕ ಹಿಡಿಯಿರಿ

ವಿಚಾರದಲ್ಲಿ ಆಗುವ ತಪ್ಪುಗಳಿಗೆ ಪುಸ್ತಕದಲ್ಲಿ ಉದ್ದುದ್ದ ಹೆಸರುಗಳಿವೆ. ಅವನ್ನು ಬಾಯಿಪಾಠ ಮಾಡಿದವರು ಹೆಚ್ಚಾಗಿ ಎದುರಿನವನ ಬಾಯಿ ಮುಚ್ಚಿಸಲು ಬಳಸುತ್ತಾರೆ. ಇಲ್ಲಿ ಆ ಹೆಸರುಗಳು ಬೇಡ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಒಂದು ಸುಗ್ಗಿಯವರೆಗೆ ಕಾಯುವ ತಾಳ್ಮೆ ಇದ್ದರೆ ಸಾಕು.

ಹಂತ 1: ಮಾತನ್ನು ಒಂದೇ ಸಾಲಿಗೆ ಇಳಿಸಿ

ಚಾದಂಗಡಿಯಲ್ಲಿ ಕೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ‘ಗುಡಿಗೆ ಕಳಸ ಏರ್ಸಿದ ಮ್ಯಾಲೆ ನಮ್ಮೂರಾಗ ಮಳಿ ಚಲೋ ಆತು.’ ಕೆಳಗೆ ಒಂದೇ ಪ್ರಶ್ನೆ: ಕಳಸ ಏರಿಸದ ಪಕ್ಕದೂರಲ್ಲಿ ಏನಾಯಿತು? ಅಲ್ಲಿಯೂ ಹಳ್ಳ ತುಂಬಿ ಹರಿದಿದ್ದರೆ, ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಯಾಯಿತು ಅಷ್ಟೆ. ಈ ಗಾದೆ ಗೊತ್ತಿಲ್ಲದವರು ಊರಲ್ಲಿ ಯಾರೂ ಇಲ್ಲ. ಆದರೆ ಅದು ಮಂದಿಯ ಮಾತಿಗೆ ನೆನಪಾಗುತ್ತದೆಯೇ ಹೊರತು ನಮ್ಮ ಮಾತಿಗಲ್ಲ.

ಹಂತ 2: ಆಗುವ ಮೊದಲೇ ಬರೆದಿಡಿ

ಧಾರವಾಡ ತಾಲ್ಲೂಕಿನ ಹನುಮನಕೊಪ್ಪದಲ್ಲಿ ಯುಗಾದಿ ಅಮಾವಾಸ್ಯೆಗೆ ತುಪ್ಪರಿಹಳ್ಳದ ದಂಡೆಯ ಮೇಲೆ ಮಣ್ಣಿನ ಬೊಂಬೆ, ಕಾಳುಕಡಿ ಇಡುತ್ತಾರೆ. ಮರುದಿನ ಬೆಳಗ್ಗೆ ಯಾವುದಕ್ಕೆ ಪೆಟ್ಟಾಗಿದೆ, ಯಾವುದು ಸರಿದಿದೆ ನೋಡಿ ಆ ವರ್ಷದ ಮಳೆ, ಬೆಳೆ, ರಾಜಕೀಯ ಹೇಳುತ್ತಾರೆ. 1984ರಲ್ಲಿ ಇಂದಿರಾ ಗಾಂಧಿಯವರ ಸಾವಿನ ಸೂಚನೆ ಅಲ್ಲೇ ಸಿಕ್ಕಿತ್ತು ಎಂಬ ಮಾತು ಇಂದಿಗೂ ಓಡಾಡುತ್ತದೆ. ಆಚರಣೆ ಚೆಂದ, ಅದನ್ನು ಬಿಡಬೇಕು ಅಂತ ನನ್ನ ವಾದವಲ್ಲ. ನಮ್ಮ ನೆನಪು ಮಾಡುವ ಕೆಲಸವನ್ನಷ್ಟೇ ನೋಡಿ: ಹೊಂದಿದ ವರ್ಷ ಪತ್ರಿಕೆಗೆ ಬರುತ್ತದೆ, ಹೊಂದದ ವರ್ಷ ಹಳ್ಳದಲ್ಲಿ ಹರಿದುಹೋಗುತ್ತದೆ.

ಹಾಗಾಗಿ ಯುಗಾದಿ ಪಾಡ್ಯದಂದೇ ತಾರೀಖು ಹಾಕಿ ಬರೆಯಿರಿ. ಬರೆಯುವಾಗ ‘ಮೂಡಣ ದಿಕ್ಕಿಗೆ ಕೇಡು’ ಎಂಬಂಥ ಮಾತು ಕೆಲಸಕ್ಕೆ ಬಾರದು. ಮೂಡಣದಲ್ಲಿ ವರ್ಷಕ್ಕೊಂದು ಕೇಡು ಆಗಿಯೇ ಆಗುತ್ತದೆ. ‘ನಮ್ಮ ಹೋಬಳಿಯಲ್ಲಿ ಹಿಂಗಾರಿ ವಾಡಿಕೆಗಿಂತ ಹೆಚ್ಚು’ ಎಂದು ಬರೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿವಾರು ಮಳೆಯ ಅಂಕಿ ಇಡುತ್ತದೆ. ಅದು ಯಾರ ಮುಲಾಜೂ ನೋಡುವುದಿಲ್ಲ. ಏನಾದರೆ ಈ ಮಾತು ಸುಳ್ಳು ಎಂಬುದನ್ನೂ ಅವತ್ತೇ ಬರೆದಿಡಬೇಕು. ಮರೆತರೆ, ದೀಪಾವಳಿ ಹೊತ್ತಿಗೆ ‘ನಾ ಮೊದ್ಲ ಹೇಳಿದ್ದೆ’ ಅನ್ನುವವರಲ್ಲಿ ನೀವೂ ಒಬ್ಬರಾಗುತ್ತೀರಿ.

ಹಂತ 3: ನಾಲ್ಕು ಮನೆ ಹಾಕಿ

ಇದೊಂದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ. ಕಲಘಟಗಿ ಕಡೆ ಬೋರ್ ಹೊಡೆಸುವ ಮೊದಲು ನೀರು ನೋಡುವವರನ್ನು ಕರೆಯುತ್ತಾರೆ. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರು. ‘ನಮ್ಮ ಕಾಕಾ ಕಾಯಿ ಹಿಡ್ದು ತೋರ್ಸಿದಲ್ಲೆ ಎರಡೂವರಿ ಇಂಚು ನೀರು ಬಿತ್ತು’ ಎಂಬ ಸಾಕ್ಷಿಗೆ ಕೊರತೆಯಿಲ್ಲ.

ಪುಟದ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಿರಿ. ಮೇಲಿನ ಸಾಲಿನ ಎರಡು ಮನೆಗಳಲ್ಲಿ ಕಾಯಿ ನೋಡಿ ಕೊರೆಸಿದವು: ನೀರು ಬಂದವು, ಬರದವು. ಕೆಳಗಿನ ಸಾಲಿನಲ್ಲಿ ಕಾಯಿ ನೋಡದೆ ಕೊರೆಸಿದವು: ಬಂದವು, ಬರದವು. ಕಟ್ಟೆಯ ಮೇಲೆ ಮಾತಾಗುವುದು ಮೊದಲ ಮನೆಯದು ಮಾತ್ರ. ಉಳಿದ ಮೂರನ್ನು ನೀವೇ ಕೇಳಿ ತುಂಬಿಸಬೇಕು, ಅದಕ್ಕೆ ನಾಲ್ಕು ಮನೆಗೆ ಅಡ್ಡಾಡಬೇಕಾಗುತ್ತದೆ. ನೀರು ಬೀಳದ ಬೋರಿನ ಸುದ್ದಿಯನ್ನು ಯಾರೂ ತಾವಾಗಿ ಎತ್ತುವುದಿಲ್ಲ. ಅದರ ಹಿಂದೆ ಸಾಲ ಇರುತ್ತದೆ.

ಅರ್ಥವಾಗಲೆಂದು ಅಂಕಿ ಊಹಿಸಿಕೊಳ್ಳೋಣ. ಕಾಯಿ ನೋಡಿ ಕೊರೆಸಿದ್ದು 10, ನೀರು ಬಂದದ್ದು 6. ನೋಡದೆ ಕೊರೆಸಿದ್ದು 20, ಬಂದದ್ದು 12. ಹತ್ತಕ್ಕೆ ಆರು ಎಂದಾಗ ಕಾಯಿ ದೊಡ್ಡದು ಅನಿಸಿತ್ತು. ಇಪ್ಪತ್ತಕ್ಕೆ ಹನ್ನೆರಡು ಎಂದ ಕೂಡಲೇ ಎರಡೂ ಒಂದೇ. ನಿಮ್ಮೂರಿನ ಅಂಕಿ ಬೇರೆ ಬರಬಹುದು. ಬರಲಿ, ಆದರೆ ನಾಲ್ಕೂ ಮನೆ ತುಂಬಿದ ಮೇಲೆ ಮಾತಾಡೋಣ. ಮಾತ್ರೆ, ಹರಕೆ, ಹೊಸ ಗೊಬ್ಬರ, ಟ್ಯೂಷನ್ ಮಾಸ್ತರು, ಎಲ್ಲಕ್ಕೂ ಇದೇ ನಾಲ್ಕು ಮನೆ.

ಹಂತ 4: ಮೊದಲು ಕಿವಿಗೆ ಬಿದ್ದ ಅಂಕಿಯನ್ನು ಹಿಡಿಯಿರಿ

1974ರಲ್ಲಿ ಆಮೊಸ್ ಟ್ವೆರ್ಸ್ಕಿ, ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಅಂಕಿಗಳಿದ್ದ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ದೇಶಗಳಲ್ಲಿ ಶೇಕಡಾ ಎಷ್ಟು ಆಫ್ರಿಕಾದವು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದವರ ಮಧ್ಯದ ಉತ್ತರ 25, 65ಕ್ಕೆ ನಿಂತದ್ದನ್ನು ನೋಡಿದವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ? ಆದರೂ ಮೊದಲು ಕಂಡ ಅಂಕಿ ಉತ್ತರವನ್ನು ತನ್ನ ಕಡೆಗೆ ಎಳೆಯಿತು. ವ್ಯಾಪಾರದಲ್ಲೂ ಹಾಗೇ.

ಹೊಲದ ಬದುವಿಗೇ ಬಂದ ವ್ಯಾಪಾರಿ ಕ್ವಿಂಟಲ್ ಹೆಸರುಕಾಳಿಗೆ ‘ಆರ ಸಾವಿರ’ ಎಂದು ಮಾತು ಶುರು ಮಾಡಿದರೆ ಆರೂವರೆ ಸಾವಿರವೂ ಲಾಭದಂತೆ ಕಾಣುತ್ತದೆ. 2024–25ರಲ್ಲಿ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ ಇತ್ತು. ಆತ ಬಾಯಿ ತೆರೆಯುವ ಮೊದಲೇ ಆ ವರ್ಷದ ಬೆಂಬಲ ಬೆಲೆ, ಅಮರಗೋಳ ಮಾರುಕಟ್ಟೆಯ ಅವತ್ತಿನ ಧಾರಣೆ, ನಿಮ್ಮ ಖರ್ಚು, ಮೂರೂ ನೋಟ್‌ಬುಕ್ಕಿನಲ್ಲಿರಲಿ.

ಹಂತ 5: ಹೋದ ರೊಕ್ಕವನ್ನು ಪಕ್ಕಕ್ಕಿಡಿ

ಹೆಸರಿಗೆ ಹಳದಿ ನಂಜು ಬಂದರೆ ಎಲೆ ಮೇಲೆ ಅರಿಸಿನ ಚುಕ್ಕೆ ಮೂಡಿ, ಹರಡಿ, ಗಿಡವೇ ಹಳದಿಯಾಗುತ್ತದೆ. ಅದನ್ನು ಹರಡುವುದು ಬಿಳಿನೊಣ. ಎಣ್ಣೆ (ಕೀಟನಾಶಕ) ಹೊಡೆದರೆ ನೊಣ ಸಾಯಬಹುದು, ನಂಜು ಹತ್ತಿದ ಗಿಡ ತಿರುಗಿ ಹಸಿರಾಗುವುದಿಲ್ಲ. ಆದರೂ ಮಾತು ಹೀಗಿರುತ್ತದೆ: ‘ಈಗಾಗಲೇ ಎರಡು ಸಲ ಎಣ್ಣಿ ಹೊಡದೇನಿ, ಇನ್ನ ಬಿಟ್ರ ಹೆಂಗ ಅಣ್ಣಾ?’ ಪ್ರಶ್ನೆಯನ್ನು ತಿರುಗಿಸಿ ಬರೆಯಿರಿ: ಈ ಹೊಲ ಇವತ್ತೇ ನನ್ನ ಕೈಗೆ ಬಂದಿದ್ದರೆ ಮೂರನೆಯ ಎಣ್ಣೆಗೆ ರೊಕ್ಕ ಹಾಕುತ್ತಿದ್ದೆನೇ?

ಜೊತೆಗೆ ಇನ್ನೊಂದು: ‘ಎಲ್ಲಾರೂ ಹಾಕ್ಯಾರ’ ಎಂಬುದು ಬಿತ್ತುವುದಕ್ಕೆ ಕಾರಣವಲ್ಲ, ಹುಷಾರಾಗುವುದಕ್ಕೆ ಕಾರಣ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ಧಾರಣೆ ಕುಸಿದು ಬ್ಯಾಡಗಿ ಮಾರುಕಟ್ಟೆಯ ಕಚೇರಿಗೆ ಬೆಂಕಿ ಬಿದ್ದದ್ದನ್ನು ಕುಂದಗೋಳದ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹೋದ ವರ್ಷದ ಧಾರಣೆ ನೋಡಿ ಬಿತ್ತುವವರು ನಾವೊಬ್ಬರೇ ಅಲ್ಲ.

ಹಂತ 6: ಎರಡು ಕಥೆಗಳನ್ನು ಬೇರ್ಪಡಿಸುವ ಗುರುತು ಹುಡುಕಿ

2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿಗೆ ಅಗೆಯುವಾಗ ನೂರಾರು ತಲೆಬುರುಡೆಗಳು ಸಿಕ್ಕವು. ತಜ್ಞರು ಬರುವ ಮೊದಲೇ ತೀರ್ಪು ಬಂದಿತ್ತು. ಕೆಲವರು ಯುದ್ಧದಲ್ಲಿ ಕಡಿದವು ಎಂದರು. ಕೆಲವರು 1791–92ರ ಡೋಗಿ ಬರದವು ಎಂದರು. ಆ ಬರಕ್ಕೆ ಬುರುಡೆಯ ಹೆಸರೇ ಇದ್ದದ್ದರಿಂದ ಕಥೆ ಸಲೀಸಾಗಿ ಕೂತುಕೊಂಡಿತು. ಆದರೆ ಬುರುಡೆ ಸಿಕ್ಕಿತು ಎಂಬುದು ಎರಡೂ ಕಥೆಗೆ ಸಮನಾಗಿ ಒಗ್ಗುತ್ತದೆ, ಆದ್ದರಿಂದ ಯಾವುದಕ್ಕೂ ಸಾಕ್ಷಿಯಲ್ಲ. ಬೇಕಾದದ್ದು ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಒಗ್ಗದ ಗುರುತು: ಮೂಳೆಯ ಮೇಲೆ ಕತ್ತಿಯ ಗಾಯವಿದೆಯೇ? ಉಳಿದ ಎಲುಬು ಎಲ್ಲಿ? ಎಷ್ಟು ಹಳೆಯದು? ಮೂಳೆಗಳನ್ನು ಕಾರ್ಬನ್ ಪರೀಕ್ಷೆಗೆ ಕಳಿಸಿದ್ದು ಈ ಕೊನೆಯದಕ್ಕೆ. ಮನೆಯಲ್ಲಿ ಎಮ್ಮೆ ಹಾಲು ಬತ್ತಿದಾಗಲೂ ಇದನ್ನೇ ಕೇಳಬಹುದು: ದೃಷ್ಟಿಯಾದರೆ ಏನು ಕಾಣಬೇಕು, ಕೆಚ್ಚಲುಬಾವಾದರೆ ಏನು ಕಾಣಬೇಕು?

ಹಂತ 7: ವಾದ ದಾರಿ ಬಿಟ್ಟರೆ ಗುರುತಿಸಿ, ಸುಮ್ಮನಾಗಿ

‘ನಿನ್ನೆ ಮೊನ್ನಿ ಹುಡುಗ, ನಿನಗೇನ ಗೊತ್ತು’ ಎಂದರೆ ಮಾತು ನಿಮ್ಮ ವಯಸ್ಸಿನ ಮೇಲೆ ಹೋಯಿತು, ವಿಷಯದ ಮೇಲಲ್ಲ. ‘ಹೌದ್ರೀ ಅಜ್ಜಾರ, ಆದ್ರ ಬೋರಿಂದು ಹೇಳ್ರಿ’ ಎಂದು ಒಮ್ಮೆ ತಿರುಗಿಸಿ ನೋಡಿ. ತಿರುಗದಿದ್ದರೆ ಚಾ ಕುಡಿದು ಎದ್ದುಬನ್ನಿ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಮಂದಿಯ ಮಾತು ಬೇಡ, ನಿಮಗೆ ಬಲು ಖಾತ್ರಿಯಿರುವ ನಿಮ್ಮದೇ ಮಾತನ್ನು ಹಾಕಿ: ‘ಈ ಬೀಜ ಎಂದೂ ಕೈ ಕೊಟ್ಟಿಲ್ಲ’, ‘ಸಣ್ಣ ಮಗ ಲೆಕ್ಕದಾಗ ಮಂದ’, ಇಂಥದ್ದು ಏನಾದರೂ. ಹೆಸರು ಬಿತ್ತುವ ಮೊದಲು ಶುರು ಮಾಡಿದರೆ ರಾಶಿ ಮಾಡುವ ಹೊತ್ತಿಗೆ ಮೊದಲ ಪುಟ ತುಂಬಿರುತ್ತದೆ.